ಅಕ್ಕನ ನಂಬರು, ತಮ್ಮನ ಬಾಟ್ಲಿ

ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದ ಮುದುಕಿಯನ್ನು ಗೋಡೆಗೆ ಒರಗಿ ಕೂರಲು ಬಿಟ್ಟು, ಅವಳ ಜೊತೆ ಛತ್ರಿ ಹಿಡಿದುಕೊಂಡು ಬಂದಿದ್ದ ತಮ್ಮನ ಮೂತ್ರ ತಪಾಸಣೆ ಮಾಡಿಸಿದ ಮಹಾನುಭಾವ ನಾನೇ. ಚಿಕ್ಕೋಡಿಯಲ್ಲಿ ಈ ಸುದ್ದಿ ಗೊತ್ತಿಲ್ಲದವರು ಯಾರಾದರೂ ಉಳಿದಿದ್ದರೆ ಅವರಿಗೂ ತಲುಪಲಿ ಎಂದು ಬರೆಯುತ್ತಿದ್ದೇನೆ. ಅಂದು ರಾಯಬಾಗದ ಬಸ್ಸಿನಲ್ಲಿ ಕೂತಿದ್ದವರಿಗೆ ಮಾತ್ರ ಹೊಸದಾಗಿ ಹೇಳುವುದೇನೂ ಇಲ್ಲ. ಅವರು ನನಗಿಂತ ಚೆನ್ನಾಗಿ ಹೇಳುತ್ತಾರೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಅಥಣಿ ಕಡೆಯವನು. ಪಿಯುಸಿ ವಿಜ್ಞಾನವನ್ನು ನಾನು ಬಿಟ್ಟೆನೋ, ಅದೇ ನನ್ನನ್ನು ಬಿಟ್ಟಿತೋ, ಇಬ್ಬರಿಗೂ ನೆನಪಿಲ್ಲ. ಚಿಕ್ಕೋಡಿಯ ಒಂದು ಸಣ್ಣ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಪ್ರಯೋಗಾಲಯ ಎಂದರೆ ಒಂದು ಕೋಣೆ, ಅದಕ್ಕೊಂದು ಕಿಟಕಿ. ಕಿಟಕಿಯ ಹೊರಗೆ ಪಡಸಾಲೆ ತುಂಬ ಜನ, ಒಳಗೆ ನಾನು, ನನ್ನ ಬೆನ್ನ ಹಿಂದಿನ ಪರದೆಯಾಚೆ ತಪಾಸಣೆ ಮಾಡುವ ಹೆಣ್ಣುಮಗಳು, ಮರಾಠಿ ಮರ್ಯಾದೆಯಲ್ಲಿ ಎಲ್ಲರಿಗೂ ಬಾಯಿಯವರು. ಡಾಕ್ಟರು ರೋಗಿಗೆ ಚೀಟಿ ಕೊಟ್ಟು ಕಳಿಸುತ್ತಿದ್ದರು. ನಾನು ಆ ಚೀಟಿಯನ್ನು ಇಸಿದುಕೊಂಡು, ರೋಗಿಯ ನಂಬರನ್ನೂ ಯಾವ ತಪಾಸಣೆ ಎಂಬುದನ್ನೂ ದೊಡ್ಡ ಪುಸ್ತಕದಲ್ಲಿ ಬರೆದು, ರೋಗಿಯ ಕೈಗೆ ಬಾಟ್ಲಿಯನ್ನೋ ಡಬ್ಬಿಯನ್ನೋ ಕೊಟ್ಟು, ಬಾಯಿಯವರಿಗೆ ಒಂದು ಸಣ್ಣ ಕಾಗದ ದಾಟಿಸಬೇಕು. ಅಷ್ಟೇ ಕೆಲಸ. ನಾನು ರಕ್ತ ಎಂದು ಬರೆದರೆ ಒಳಗೆ ರಕ್ತ ನೋಡುತ್ತಿದ್ದರು, ಕಫ ಎಂದು ಬರೆದರೆ ಕಫ. ನನ್ನ ಮಾತನ್ನು ಅಷ್ಟು ನಂಬಿದವರು ಅದಕ್ಕೂ ಮೊದಲು ಯಾರೂ ಇರಲಿಲ್ಲ, ಆಮೇಲೂ ಸಿಗಲಿಲ್ಲ.

ಬಾಯಿಯವರು ನಿಪ್ಪಾಣಿಯವರು. ನಡುವಯಸ್ಸು, ಮೂಗಿನ ಮೇಲೆ ಕನ್ನಡಕ, ಕನ್ನಡಕದ ಮೇಲೆ ಕಣ್ಣು. ಸಮಾಧಾನದಲ್ಲಿದ್ದಾಗ ಕನ್ನಡ ಮಾತಾಡುತ್ತಿದ್ದರು, ಸಿಟ್ಟು ಬಂದಾಗ ಮರಾಠಿ. ಕೆಲಸಕ್ಕೆ ಸೇರಿದ ಮೇಲೆ ನನ್ನ ಮರಾಠಿ ಬಹಳ ಸುಧಾರಿಸಿತು.

ಕೆಲಸ ಸುಲಭವಾದರೆ ಮನುಷ್ಯನಿಗೆ ಬುದ್ಧಿ ಓಡುತ್ತದೆ. ನನ್ನಂಥವನಿಗೆ ಓಡಬಾರದ ಕಡೆ ಓಡುತ್ತದೆ. ಕಿಟಕಿಯಲ್ಲಿ ಕೂತು ಕೂತು ನಾನು ಒಂದು ವಿದ್ಯೆ ಕಂಡುಹಿಡಿದೆ. ಮನುಷ್ಯ ಪಡಸಾಲೆಯ ಬಾಗಿಲು ದಾಟುವಾಗ ಅವನ ಮುಖ, ನಡಿಗೆ, ಊರು ಇವಿಷ್ಟನ್ನು ನೋಡಿದರೆ ಸಾಕು, ಡಾಕ್ಟರು ಯಾವ ತಪಾಸಣೆ ಬರೆದಿದ್ದಾರೆ ಎಂದು ಚೀಟಿ ಓದದೆಯೇ ಹೇಳಬಹುದು. ಬಿಳಿಚಿಕೊಂಡ ಹೆಣ್ಣುಮಗಳಾದರೆ ರಕ್ತ ಎಷ್ಟಿದೆ ನೋಡುವುದು. ಕಂಬಳಿ ಹೊದ್ದು ನಡುಗುವವನಾದರೆ ಮಲೇರಿಯಾ. ಶಿರಗುಪ್ಪಿ, ಕಾಗವಾಡ ಕಡೆಯ ಕಬ್ಬಿನ ಹೊಲದವರು ಹೊಟ್ಟೆ ಮುಂದೆ ಮಾಡಿಕೊಂಡು ಬಂದರೆ, ಮೂತ್ರದಲ್ಲಿ ಸಕ್ಕರೆ. ಹತ್ತು ಜನರಲ್ಲಿ ಎಂಟು ಜನರದು ಸರಿಯಾಗುತ್ತಿತ್ತು ಎಂದು ನಾನೇ ಹೇಳಿಕೊಳ್ಳುತ್ತಿದ್ದೆ. ಉಳಿದ ಇಬ್ಬರ ವಿಷಯ ಹೇಳುತ್ತಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ಬಗ್ಗಿ ಬಂದವನೊಬ್ಬನಿಗೆ ಮಲದ ತಪಾಸಣೆ ಎಂದು ಡಬ್ಬಿ ಕೊಟ್ಟೆ. ಅವನು ಡಾಕ್ಟರಿಗೆಂದು ಅಂಗಿಯೊಳಗೆ ಕೋಳಿ ಇಟ್ಟುಕೊಂಡು ಬಂದಿದ್ದ. ಇನ್ನೊಮ್ಮೆ ಟಪಾಲಿನವನ ಕೈಗೆ ಬಾಟ್ಲಿ ಕೊಟ್ಟೆ. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ಯಾವ ಊರಿಗೆ ಮುಟ್ಟಿಸಬೇಕ್ರಿ?" ಎಂದು ಕೇಳಿದ.

ಇಂಥವನ್ನು ನಾನು ಸೋಲು ಎಂದು ಲೆಕ್ಕಕ್ಕೇ ಹಿಡಿಯಲಿಲ್ಲ. ಬರಬರುತ್ತ ಚೀಟಿ ಇಸಿದುಕೊಳ್ಳುವುದನ್ನೂ ಬಿಟ್ಟೆ. "ನಂಬರ್ ಎಷ್ಟ್ರಿ?" ಎಂದು ಕೇಳುವುದು, ಬರೆಯುವುದು, ಬಾಟ್ಲಿ ಕೊಡುವುದು. ಸಂತೆಯ ದಿನ ಪಡಸಾಲೆಯಲ್ಲಿ ಜನ ಉಸಿರಾಡಲು ಜಾಗವಿಲ್ಲದಂತೆ ತುಂಬಿದರೂ ನನ್ನ ಕಿಟಕಿಯ ಮುಂದೆ ಸಾಲು ಸರಸರ ಸರಿಯುತ್ತಿತ್ತು. ಅದನ್ನು ಕಂಡು ದೊಡ್ಡ ಡಾಕ್ಟರು ಒಮ್ಮೆ ನನ್ನ ಬೆನ್ನು ತಟ್ಟಿದರು. ಆ ಹುಮ್ಮಸ್ಸಿನಲ್ಲಿ ನಾನು ಅಥಣಿಯಿಂದ ಹೊಸ ಚಪ್ಪಲಿ ತರಿಸಿದೆ. ಅಲ್ಲಿಯ ಚಪ್ಪಲಿ ಹೊಸದರಲ್ಲಿ ಎಷ್ಟು ಕರಕರ ಎನ್ನುತ್ತದೋ ಅಷ್ಟು ಮರ್ಯಾದೆ. ನನ್ನವಂತೂ ನಾನು ಬರುವ ಮೊದಲೇ ಬಂದು ನಾನು ಹೋದಮೇಲೂ ಇರುತ್ತಿದ್ದವು.

ಆ ಚಳಿಗಾಲದಲ್ಲಿ ನಮ್ಮ ಆಸ್ಪತ್ರೆಯ ಪಕ್ಕದ ಶಾಲೆಯಲ್ಲಿ ಕಣ್ಣಿನ ಶಿಬಿರ ನಡೆಯಿತು. ಮಿರಜದಿಂದ ಡಾಕ್ಟರುಗಳು ಬಂದು ಬಡವರಿಗೆ ಪುಕ್ಕಟೆಯಾಗಿ ಪೊರೆ ತೆಗೆಯುತ್ತಿದ್ದರು. ಬೆಳಿಗ್ಗೆ ಕಣ್ಣು ನೋಡಿ, ಆಪರೇಷನ್ ಬೇಕಾದವರ ಹಣೆಗೆ, ಯಾವ ಕಣ್ಣೋ ಅದರ ಮೇಲೆ, ಬಿಳಿ ಪಟ್ಟಿ ಅಂಟಿಸಿ, ನಂಬರು ಬರೆದ ಚೀಟಿ ಕೊಟ್ಟು ನಮ್ಮಲ್ಲಿಗೆ ಕಳಿಸುತ್ತಿದ್ದರು. ನಾವು ಮೂತ್ರದಲ್ಲಿ ಸಕ್ಕರೆ ನೋಡಬೇಕು. ನೀಲಿ ಔಷಧದಲ್ಲಿ ನಾಲ್ಕು ಹನಿ ಹಾಕಿ ಕಾಯಿಸಿದಾಗ ನೀಲಿ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ, ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಬೇಕಾದಷ್ಟಿದೆ. ಸಕ್ಕರೆ ಇದ್ದವರಿಗೆ ಗಾಯ ಮಾಯುವುದಿಲ್ಲ ಎಂದು ಆಪರೇಷನ್ ಇಲ್ಲ. ಪಟ್ಟಿ ಕಿತ್ತು ಮುಂದಿನ ವರ್ಷ ಬನ್ನಿ ಎಂದು ಕಳಿಸುತ್ತಿದ್ದರು. ಮಧ್ಯಾಹ್ನ ಡಾಕ್ಟರುಗಳು ಊಟ ಮುಗಿಸಿ ಎದ್ದ ಕೂಡಲೇ ಯಾದಿಗೆ ಸಹಿ, ಆಮೇಲೆ ಹೆಸರು ಸೇರಿಸುವಂತಿಲ್ಲ.

ಸಂತೆಯ ದಿನದ ಆ ಜನಜಂಗುಳಿಯಲ್ಲಿ ಅವರಿಬ್ಬರು ಬಂದರು. ಮುದುಕಿ ಕೃಷ್ಣಾ ಹೊಳೆಯ ದಂಡೆಯ ದಿಗ್ಗೇವಾಡಿಯವಳು, ಒಂದಿಷ್ಟು ಹೊಲ, ನಾಲ್ಕು ಆಡು ಇಟ್ಟುಕೊಂಡ ಮನೆಯವಳು. ಅವಳನ್ನು ಕರೆತಂದ ತಮ್ಮ ಶಿರಗುಪ್ಪಿಯ ಕಬ್ಬಿನ ರೈತ. ಅಕ್ಕ ಗಾಳಿಗೆ ಹಾರಿಹೋದಾಳು ಎನ್ನುವಷ್ಟು ತೆಳ್ಳಗೆ, ತಮ್ಮ ಗಾಳಿಯನ್ನೇ ತಡೆದು ನಿಲ್ಲಿಸುವಷ್ಟು ಅಗಲ. ನಮ್ಮ ಕಡೆ ರೂಢಿ ನಿಮಗೆ ಗೊತ್ತೇ ಇದೆ. ಎಲ್ಲಿಗೆ ಹೋದರೂ ಕಾಗದಪತ್ರ ಗಂಡಸಿನ ಒಳಜೇಬಿನಲ್ಲಿ, ಕಿಟಕಿಯಲ್ಲಿ ಮಾತಾಡುವವನೂ ಅವನೇ. ಹೆಂಗಸು ಗೋಡೆಗೆ ಒರಗಿ ಕೂತು, ಪರ ಗಂಡಸರಿದ್ದಾರೆಂದು ಸೆರಗನ್ನು ಹುಬ್ಬಿನವರೆಗೆ ಎಳೆದುಕೊಳ್ಳುತ್ತಾಳೆ. ಮುದುಕಿಯೂ ಹಾಗೆಯೇ ಮಾಡಿದ್ದಳು. ಹಣೆಯ ಮೇಲಿನ ಬಿಳಿ ಪಟ್ಟಿ ಸೆರಗಿನೊಳಗೆ ಅಡಗಿತ್ತು.

ಆದರೆ ಅವಳ ಮಾತು ಅಡಗಿರಲಿಲ್ಲ. ಪಕ್ಕದಲ್ಲಿ ಕೂತವಳಿಗೆ ಹೇಳುತ್ತಿದ್ದದ್ದು ನನ್ನ ಕಿಟಕಿಯವರೆಗೂ ಕೇಳುತ್ತಿತ್ತು.

"ಮೊಮ್ಮಗಳು ಬಸರಿ ಅದಾಳವಾ. ಚೊಚ್ಚಲ ಕೂಸಿನ ಕೌದಿ ನಾನ ಹೊಲಿಯೂದು ನಮ್ಮ ಮನಿಯಾಗ. ಹಳೇ ಸೀರಿ ಎಲ್ಲಾ ಹರದು ಇಟ್ಟೀನಿ. ಸೂಜ್ಯಾಗ ದಾರ ಹೋಗವಲ್ದು. ಸೊಸೀಗೆ ಪೋಣಿಸಿ ಕೊಡಂದ್ರ ಆಕಿ ಒಂದ ಸೂಜಿ ಪೋಣಿಸಿ ಊರೆಲ್ಲಾ ಸಾರಿ ಬರತಾಳ."

"ಈಗ ಆಗಲಿಲ್ಲಂದ್ರ ಮುಂದಿನ ವರ್ಷ ಮಾಡಸ್ರಿ, ಆಯಿ."

"ಮುಂದಿನ ವರ್ಷ ಕಣ್ಣ ತಗೊಂಡು ಏನ ಮಾಡ್ಲಿ? ಕೂಸು ಕೌದಿ ಒದ್ದು ಎದ್ದು ಓಡ್ಯಾಡತಿರತೈತಿ."

ಇಷ್ಟನ್ನೂ ಕೇಳಿಸಿಕೊಂಡೇ ನಾನು ತಲೆಯೆತ್ತಿ ನೋಡಿದೆ. ಎದುರಿಗೆ ಗುಲಾಬಿ ರುಮಾಲು, ಅದರ ಕೆಳಗೆ ದುಂಡು ಮುಖ, ಅದರ ಕೆಳಗೆ ಕಿಟಕಿಯ ಕಟ್ಟೆಯ ಮೇಲೆಯೇ ಇಟ್ಟುಕೊಂಡ ಹೊಟ್ಟೆ. ನನ್ನ ವಿದ್ಯೆ ಗರಿಬಿಚ್ಚಿ ಕುಣಿಯಿತು. ಇಂಥ ಸಕ್ಕರೆಯ ಮುಖವನ್ನು ನಾನು ಅಲ್ಲಿಯವರೆಗೆ ಕಂಡೇ ಇರಲಿಲ್ಲ.

"ನಂಬರ್ ಎಷ್ಟ್ರಿ ಕಾಕಾ?"

ಕಾಕಾ ಒಳಜೇಬಿನಿಂದ ಚೀಟಿ ತೆಗೆದು, ದೂರ ಹಿಡಿದು, ನಂಬರು ಓದಿ ಹೇಳಿ, ಮತ್ತೆ ಜೇಬಿಗೆ ಇಟ್ಟ. ಅದೇ ಚೀಟಿಯಲ್ಲಿ, ನಂಬರಿನ ಪಕ್ಕದಲ್ಲೇ, ಹೆಣ್ಣುಮಗಳ ಹೆಸರಿತ್ತು. ಕೈ ಚಾಚಿದ್ದರೆ ನನಗೆ ಸಿಗುತ್ತಿತ್ತು. ಚಾಚಲಿಲ್ಲ. ನಂಬರು ಬರೆದೆ, ಮುಂದೆ ಮೂತ್ರ, ಸಕ್ಕರೆ ಎಂದು ಬರೆದೆ, ಬಾಟ್ಲಿಯನ್ನು ಕಾಕಾನ ಕೈಯಲ್ಲಿ ಇಟ್ಟೆ.

"ತುಂಬ್ಸಿ ತರ್ರಿ."

ಕಾಕಾ ಬಾಟ್ಲಿ ನೋಡಿದ, ನನ್ನನ್ನು ನೋಡಿದ, ಅಕ್ಕನ ಕಡೆ ನೋಡಿದ. ಏನೋ ಕೇಳುವವನಿದ್ದ. ಹಿಂದಿನವರು, "ಸರೀರಿ, ಬಸ್ ಹೋಗ್ತೈತಿ" ಎಂದು ತಳ್ಳಿದರು. ದವಾಖಾನೆಯಲ್ಲಿ ಕೊಟ್ಟದ್ದನ್ನು ಬೇಡ ಎನ್ನಬಾರದು ಎಂದುಕೊಂಡು ಆತ ಮರ್ಯಾದಸ್ಥನಾಗಿ ಹೋಗಿ, ಮರ್ಯಾದಸ್ಥನಾಗಿ ತುಂಬಿಸಿಕೊಂಡು ಬಂದ. ಒಳಗೆ ಬಾಯಿಯವರು ಕಾಯಿಸಿದರು. ಇಟ್ಟಿಗೆ ಬಣ್ಣವಲ್ಲ, ಇಟ್ಟಿಗೆ ಭಟ್ಟಿಯೇ ಆಯಿತಂತೆ. ನಂಬರಿನ ಮುಂದೆ ಸಕ್ಕರೆ ಜಾಸ್ತಿ ಎಂದು ಬರೆದು ಶಿಬಿರಕ್ಕೆ ಕಳಿಸಿದೆವು. ನಾನು ಒಳಗೊಳಗೇ ಮೀಸೆ ತಿರುವಿದೆ. ಮೀಸೆ ಆಗ ಸರಿಯಾಗಿ ಬಂದಿರಲಿಲ್ಲ, ಆ ಮಾತು ಬೇರೆ.

ಊಟದ ಹೊತ್ತಿಗೆ ಪಡಸಾಲೆ ಖಾಲಿಯಾಯಿತು. ನಾನು ಬುತ್ತಿ ಬಿಚ್ಚಿ ರೊಟ್ಟಿ ಮುರಿಯುತ್ತಿದ್ದೆ. ಗುಲಾಬಿ ರುಮಾಲು ಮತ್ತೆ ಕಿಟಕಿಗೆ ಬಂತು.

"ತಮ್ಮಾ, ನನ್ನ ಛತ್ರಿ ಇಲ್ಲೇ ಬಿಟ್ಟೀನಿ ನೋಡು."

ಛತ್ರಿ ಕೊಟ್ಟೆ. ಕಾಕಾ ಹೋಗದೆ ನಿಂತ.

"ನಮ್ಮಕ್ಕಂದು ಆಗಲಿಲ್ಲಪಾ. ಆಕೀಗೆ ಸಕ್ಕರಿ ಐತೆಂತ. ಪಟ್ಟಿ ಕಿತ್ತು ಕಳಿಸ್ಯಾರ. ಚಹಾಕ್ಕ ಸುದ್ದಾ ಸಕ್ಕರಿ ಹಾಕ್ಕೊಳ್ಳಾಕಿ ಅಲ್ಲ ಆಕಿ, ಅದೆಲ್ಲಿಂದ ಬಂತೋ ಏನೋ. ಅಳಾಕತ್ತಾಳ. ರಾಯಬಾಗ ಬಸ್ಸಿನ್ಯಾಗ ಕುಂಡ್ರಿಸಿ ಬಂದೀನಿ."

ನಾನು ರೊಟ್ಟಿ ಅಗಿಯುತ್ತ ಮುಖ ಸಣ್ಣ ಮಾಡಿದೆ.

"ಆದ್ರ ನಿಮ್ಮ ದವಾಖಾನಿ ಛಲೋ ಬಿಡು" ಎಂದ ಕಾಕಾ. "ಪೇಶಂಟ ಆಕಿ, ಜೋಡಿ ಬಂದಾವ ನಾನು. ಆದ್ರೂ ನಂದೂ ತಪಾಸ ಮಾಡಿದ್ರಿ. ಮಿರಜದಾಗೂ ಹಿಂಗ ಮಾಡೂದಿಲ್ಲ. ನಂದೇನ ಬಂತು?"

ಬಾಯಲ್ಲಿದ್ದ ರೊಟ್ಟಿ ಇಳಿಸಲು ನಾನು ಕುಡಿದ ನೀರಿಗೆ ಕೃಷ್ಣೆ ಒಂದು ಮೆಟ್ಟಿಲು ಇಳಿದಿರಬೇಕು.

"ಕಾಕಾ, ಮುಂಜಾನೆ ಕೊಟ್ಟ ಬಾಟ್ಲಿ ತುಂಬ್ಸಿದವ್ರು ಯಾರ್ರಿ?"

"ನಾನ. ನೀನ ನನ್ನ ಕೈಯಾಗ ಕೊಟ್ಟಿಯಲ್ಲೋ."

"ಆಯಿದು?"

"ಆಕೀಗೆ ಯಾರೂ ಬಾಟ್ಲಿ ಕೊಡಲೇ ಇಲ್ಲಲ್ಲ. ನಾ ಅನ್ಕೊಂಡೆ, ಹೆಣ್ಣಮಕ್ಕಳದು ಬ್ಯಾರೆ ರೀತಿ ನೋಡ್ತಾರೇನೋ ಅಂತ."

ಪರದೆ ಸರಿಸಿ ಬಾಯಿಯವರು ಬಂದರು. ಎಲ್ಲಾ ಕೇಳಿಸಿಕೊಂಡಿದ್ದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಕಾಯ್ ರೇ" ಎಂದು ಶುರುಮಾಡಿ ಅವರು ಮರಾಠಿಯಲ್ಲಿ ಹೇಳಿದ್ದನ್ನು ಇಲ್ಲಿ ಬರೆದರೆ ಪುಸ್ತಕ ಅಚ್ಚು ಹಾಕುವವರು ನನ್ನನ್ನು ಮನೆಗೆ ಕಳಿಸುತ್ತಾರೆ. ಕೊನೆಗೆ ಕನ್ನಡಕ್ಕೆ ಬಂದರು. ಅದು ಇನ್ನೂ ಭಯಾನಕವಾಗಿತ್ತು, ಯಾಕೆಂದರೆ ದನಿ ಏರಿರಲಿಲ್ಲ.

"ನಾ ಕಾಯ್ಸೂ ದೀಪ ಆರಸಂಗಿಲ್ಲ. ಇಲ್ಲೇ ಕುಂಡ್ರತೀನಿ. ಡಾಕ್ಟರ್ ಊಟ ಮಾಡಿ ಏಳೂದ್ರಾಗ ಆ ಮುದುಕೀನ ಕರ್ಕೊಂಡ ಬಾ. ಬಾಟ್ಲಿ ಒಯ್ಯಿ. ಮತ್ತ ಈ ಸಲ ಮಾರಿ ನೋಡಬ್ಯಾಡ, ಚೀಟಿ ನೋಡು."

ನಾನು ಬಾಟ್ಲಿ ಹಿಡಿದು ಓಡಿದೆ. ಹಿಂದೆ ಕಾಕಾ ಛತ್ರಿ ಹಿಡಿದು ಓಡಿದ, ಅಥವಾ ಓಡುವವನಂತೆ ನಡೆದ. ಸಂತೆಯ ನಡುವೆ ಮೆಣಸಿನಕಾಯಿ ರಾಶಿ ದಾಟಿ, ಬಳೆಗಾರ್ತಿಯ ಬುಟ್ಟಿ ಹಾರಿ, ಖಾಲಿ ಬಾಟ್ಲಿಯನ್ನು ದೀವಟಿಗೆಯಂತೆ ಮೇಲೆತ್ತಿಕೊಂಡು ನನ್ನ ಅಥಣಿ ಚಪ್ಪಲಿಗಳು ಕರಕರ ಎನ್ನುತ್ತ ಬಸ್ ನಿಲ್ದಾಣ ಸೇರಿದವು. ರಾಯಬಾಗದ ಬಸ್ಸು ಗುರುಗುಡುತ್ತಿತ್ತು. ಹತ್ತಿದೆ. ಕಿಟಕಿಯ ಪಕ್ಕದಲ್ಲಿ ಮುದುಕಿ ಮುದುಡಿ ಕೂತಿದ್ದಳು. ಸೆರಗು ಜಾರಿತ್ತು. ಹಣೆಯ ಮೇಲೆ ಪಟ್ಟಿ ಕಿತ್ತ ಜಾಗ ಕೆಂಪಗೆ ಕಾಣುತ್ತಿತ್ತು. ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆಲ್ಲ ಮರೆತು, ಏದುಸಿರಿನಲ್ಲಿ ಬಾಯಿಗೆ ಬಂದದ್ದನ್ನು ಹೇಳಿದೆ.

"ಆಯಿ, ಇಳೀರಿ. ನಿಮ್ಮ ಮೂತ್ರ ಬೇಕಾಗೇತಿ."

ಬಸ್ಸಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಎಂಜಿನ್ನೂ ಒಂದು ಕ್ಷಣ ತಿರುಗಿ ನೋಡಿದಂತೆ ನನಗೆ ನೆನಪು.

ಕಂಡಕ್ಟರ್ ಟಿಕೆಟಿನ ಪೆಟ್ಟಿಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕೇಳಿದ, "ಯಾಕಲೇ, ಬ್ಯಾರೆ ಯಾರದೂ ನಡಿಯಂಗಿಲ್ಲೇನು?"

"ನಂದ ತಗೋಳೋ" ಎಂದು ಹಿಂದಿನ ಸೀಟಿನಿಂದ ಒಬ್ಬ ಕೈ ಎತ್ತಿದ. "ಮುದುಕೀನ ಯಾಕ ಇಳಸ್ತಿ? ರಾಯಬಾಗ ತನಕ ಹೆಂಗೂ ತಡಕೊಂಡ ಹೋಗಬೇಕು."

ಮುದುಕಿ ನನ್ನ ಕಡೆ ಮುಖ ತಿರುಗಿಸಿದಳು. ಕಣ್ಣು ನನ್ನ ಮೇಲೆ ನಿಲ್ಲಲಿಲ್ಲ, ಅಲ್ಲೇ ಎಲ್ಲೋ ಪಕ್ಕದಲ್ಲಿ ಹುಡುಕಿತು.

"ನೀ ಆ ಕರಕರ ಕೆರದಾವ ಹೌದಲ್ಲೋ? ಮುಂಜಾನೆ ಕಿಟಕ್ಯಾಗ ಇದ್ದಿ."

"ಹೌದ್ರಿ, ಆಯಿ. ತಪ್ಪು ನಂದ್ರಿ. ನಿಮ್ಮ ನಂಬರಿಗೆ ಕಾಕಾನ ಬಾಟ್ಲಿ ಹೋಗೇತಿ. ನಿಮ್ಮದು ತಪಾಸ ಆಗೇ ಇಲ್ರಿ. ಡಾಕ್ಟರ್ ಊಟಕ್ಕ ಕುಂತಾರ, ಅವರು ಏಳೂದ್ರಾಗ ಬಂದ್ರ ಇನ್ನೂ ಯಾದಿ ಸೇರತೈತಿ."

"ಒಮ್ಮೆ ಪಟ್ಟಿ ಹಚ್ಚಿ ಕಿತ್ತೀರಿ. ಮತ್ತ ಹಚ್ಚಿ ಮತ್ತ ಕೀಳಾಕ ನನ್ನ ಹಣಿ ಏನು ಇಲೆಕ್ಷನ್ ಗ್ವಾಡಿ ಐತೇನು? ನಾ ಬರೂದಿಲ್ಲ. ಹೋಗು."

ಅಷ್ಟರಲ್ಲಿ ಕಾಕಾ ಬಂದು ಬಸ್ಸಿನ ಬಾಗಿಲಲ್ಲಿ ಸಿಕ್ಕಿಕೊಂಡಂತೆ ನಿಂತ. ಮುದುಕಿ ಅವನ ಉಸಿರಾಟದಿಂದಲೇ ಗುರುತು ಹಿಡಿದಳು.

"ತಡಿ. ಅಂದ್ರ ಸಕ್ಕರಿ ನನಗಲ್ಲ, ಇಂವಗ?"

ನಾನು ಹೂಂ ಎನ್ನುವಷ್ಟರಲ್ಲಿ ಅವಳು ಬಾಗಿಲ ಕಡೆ ತಿರುಗಿದಳು.

"ಹೇಳಿದ್ದಿಲ್ಲೇನೋ ನಿನಗ" ಎಂದು ಅವಳು ಸೀಟಿನಿಂದ ಎದ್ದೇಬಿಟ್ಟಳು. "ಗಾಣದಾಗ ಕುಂತು ಕುಂತು ಬಿಸಿ ಬೆಲ್ಲ ನೆಕ್ಕಬ್ಯಾಡ ಅಂತ ಹೇಳಿದ್ದಿಲ್ಲೇನು? ಹದಾ ನೋಡ್ತೀನಿ, ಹದಾ ನೋಡ್ತೀನಿ ಅಂತ ಕೊಪ್ಪರಿಗಿ ಅರ್ಧ ಖಾಲಿ ಮಾಡತಿದ್ದಿ."

"ಅಕ್ಕಾ, ಬೆಲ್ಲ ಬ್ಯಾರೆ, ಸಕ್ಕರಿ ಬ್ಯಾರೆ" ಎಂದು ಕಾಕಾ ಬಾಗಿಲಲ್ಲೇ ಅಳು ಮುಖ ಮಾಡಿದ. "ನಾ ಸಕ್ಕರಿ ತಿಂದಾವಲ್ಲ."

ಬಸ್ಸೆಲ್ಲ ನಕ್ಕಿತು. ತಮ್ಮನನ್ನು ಬೈಯಲು ಜಾಗ ಸಾಲದೆಂದೋ ಏನೋ ಮುದುಕಿ ಕೆಳಗಿಳಿದಳು. ನಾನು ದೇವರಿಗೆ ಕೈ ಮುಗಿದು ಬಾಟ್ಲಿ ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಮುಟ್ಟಿ ನೋಡಿ ನನಗೇ ವಾಪಸು ಕೊಟ್ಟಳು.

"ಬಸ್ ಹತ್ತೂ ಮುಂದ ಹೋಗಿ ಬಂದೀನೋ ಮಾರಾಯಾ. ಇನ್ನ ಎಲ್ಲಿಂದ ತರ್ಲಿ?"

ಪಕ್ಕದಲ್ಲೇ ಕಬ್ಬಿನ ಹಾಲಿನ ಗಾಡಿ ಗೆಜ್ಜೆ ಕುಣಿಸುತ್ತಿತ್ತು.

"ಎರಡು ಗ್ಲಾಸ ಕಬ್ಬಿನ ಹಾಲು ಕುಡಸೋಣು" ಎಂದ ಕಾಕಾ. "ತಾಬಡತೋಬ ಆಗತೈತಿ."

"ಕಾಕಾ, ನಿಮ್ಮ ಕಾಲ ಬೀಳ್ತೀನ್ರಿ, ಇವತ್ತ ಒಂದಿನ ಕಬ್ಬಿನ ಹೆಸರ ಎತ್ತಬ್ಯಾಡ್ರಿ."

ನೀರೇ ಗತಿ. ಆಸ್ಪತ್ರೆಯ ಎದುರಿನ ಚಹಾದಂಗಡಿಗೆ ಕರೆತಂದು ಮುದುಕಿಯನ್ನು ಬೆಂಚಿನ ಮೇಲೆ ಕೂರಿಸಿ, ಮಾಲಕನ ತಾಮ್ರದ ಹಂಡೆ ಪಕ್ಕಕ್ಕಿಟ್ಟು, ತಂಬಿಗೆಯ ಮೇಲೆ ತಂಬಿಗೆ ಕೊಟ್ಟೆವು. ಚಹಾ ಕುಡಿಯಲು ಬಂದವರು ಚಹಾ ಮರೆತು ಸುತ್ತ ನಿಂತರು. "ಇನ್ನೊಂದ್ರಿ ಆಯಿ", "ಹೊಳಿ ದಂಡಿಯವರಿಗೆ ಇದೆಷ್ಟು" ಎಂದು ಕುಸ್ತಿಯ ಕಣದಲ್ಲಿ ಕೂಗುವಂತೆ ಹುರುಪು ಕೊಟ್ಟರು. ಆಯಿ ಕುಡಿದಳು, ನಿಂತಳು, ಕೂತಳು, ಮತ್ತೆ ಕುಡಿದಳು. ಪ್ರತಿ ಸಲ ನಾನು ಆಸೆಯಿಂದ ನೋಡಿದೆ. ಪ್ರತಿ ಸಲ ಅವಳು ತಲೆ ಅಲ್ಲಾಡಿಸಿದಳು.

ಶಾಲೆಯ ಕಡೆ ಇಣುಕಿದೆ. ವರಾಂಡದಲ್ಲಿ ಡಾಕ್ಟರುಗಳು ಪಂಕ್ತಿಯಲ್ಲಿ ಕೂತಿದ್ದರು. ಅನ್ನ ಮುಗಿಯುತ್ತ ಬಂದಿತ್ತು. ಹಿರಿಯ ಡಾಕ್ಟರು ಆಗಲೇ ಎಲೆ ಮಡಚಲು ಅಂಚು ಹಿಡಿದಿದ್ದರು. ನನ್ನ ಜೀವ ಆ ಎಲೆಯ ಅಂಚಿನಲ್ಲಿ ನಿಂತಿತು.

"ಕಾಕಾ" ಎಂದೆ, "ಮಂದೀಗೆ ಊಟಕ್ಕ ಒತ್ತಾಯ ಮಾಡಾಕ ಬರತೈತೇನ್ರಿ ನಿಮಗ?"

ಆ ಪ್ರಶ್ನೆಯೇ ಅವಮಾನ ಎಂಬಂತೆ ಕಾಕಾ ನನ್ನನ್ನು ನೋಡಿದ. ಛತ್ರಿಯನ್ನು ನನ್ನ ಕೈಗೆ ಕೊಟ್ಟು, ರುಮಾಲು ಸರಿ ಮಾಡಿಕೊಂಡು, ನೆಟ್ಟಗೆ ಪಂಕ್ತಿಗೆ ಹೋಗಿ ಬಡಿಸುವವನ ಕೈಯಿಂದ ಹೋಳಿಗೆಯ ಬುಟ್ಟಿ ಕಸಿದುಕೊಂಡ. ನಮ್ಮ ಕಡೆಯ ಒತ್ತಾಯ ಮಾಮೂಲಿನದಲ್ಲ. ಬೇಡ ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ಹೋಳಿಗೆ ಹಾಕುತ್ತಾರೆ, ಅದರ ಮೇಲೆ ತುಪ್ಪ ಸುರಿಯುತ್ತಾರೆ.

"ಬ್ಯಾಡ ಅನ್ನಬ್ಯಾಡ್ರಿ ಸಾಹೇಬ್ರ. ಕಬ್ಬಿನ ನಾಡಿಗೆ ಬಂದೀರಿ."

"ಆತ್ರಿ ಯಜಮಾನ್ರ, ಸಾಕು."

"ಸಾಕು ಅಂದ್ರ ನಮ್ಮ ಬೆಲ್ಲಕ್ಕ ಬೈದಂಗ. ಈ ಒಂದು ನನ್ನ ಹೆಸರಿಲೆ. ಇದು ನಮ್ಮಕ್ಕನ ಹೆಸರಿಲೆ."

ಹಿರಿಯ ಡಾಕ್ಟರು ಮಡಚಿದ ಎಲೆಯನ್ನು ಮತ್ತೆ ಬಿಡಿಸಿದರು. ಆ ಹೊತ್ತಿನಲ್ಲಿ ಕಾಕಾನ ಮುಖ ನೋಡಬೇಕಿತ್ತು. ತನಗೆ ಇನ್ನು ಮುಂದೆ ಹೋಳಿಗೆ ಇಲ್ಲ ಎಂದು ಬಸ್ಸಿನ ಬಾಗಿಲಲ್ಲೇ ಅವನಿಗೆ ತಿಳಿದಿತ್ತು. ಒಂದೊಂದು ಹೋಳಿಗೆಯನ್ನೂ ಮಗಳನ್ನು ಗಂಡನ ಮನೆಗೆ ಕಳಿಸುವವನಂತೆ ಎಲೆಗೆ ಹಾಕುತ್ತಿದ್ದ.

ಅಂಗಡಿಯ ಕಡೆಯಿಂದ ಕೂಗು ಬಂತು. ಮುದುಕಿ ಎದ್ದು ನಿಂತಿದ್ದಳು.

"ಬಾಟ್ಲಿ ಎಲ್ಲೈತೋ? ಲಗೂನ ಕೊಡು."

ಬಾಟ್ಲಿಯನ್ನು ಅವಳ ಕೈಗೇ ಕೊಟ್ಟೆ, ಅವಳ ಕೈಯಿಂದಲೇ ಇಸಿದುಕೊಂಡೆ. ನಡುವೆ ಯಾರ ಕೈಯೂ ಇಲ್ಲ. ಓಡಿ ಹೋಗಿ ಬಾಯಿಯವರ ಮುಂದೆ ಇಟ್ಟರೆ ಅವರು ಮುಟ್ಟಲಿಲ್ಲ.

"ಮೊದಲ ಹೇಳು. ಯಾರದು?"

"ಆಯಿದ್ರಿ."

"ಆಯಿ ಎಲ್ಲಿ?"

ಆಯಿಯನ್ನು ಕರೆತಂದು ಎದುರಿಗೆ ನಿಲ್ಲಿಸಿದೆ. ಕಾಕಾನ ಜೇಬಿನಲ್ಲಿದ್ದ ಚೀಟಿ ತರಲು ಮತ್ತೆ ಪಂಕ್ತಿಗೆ ಓಡಿದೆ. ಕಾಕಾ ಎರಡೂ ಕೈಗೆ ತುಪ್ಪ ಎಂದು ಎದೆ ಮುಂದೆ ಮಾಡಿದ. ನಾನೇ ಜೇಬಿಗೆ ಕೈ ಹಾಕಿ ತಂದೆ. ಚೀಟಿಯಲ್ಲಿದ್ದ ಹೆಸರು ಓದಿದೆ, ಆಯಿ ಹೌದು ಎಂದಳು. ನಂಬರು ಓದಿದೆ. ಯಾವ ತಪಾಸಣೆ ಎಂದು ಓದಿದೆ. ಆಮೇಲೆ ಬಾಯಿಯವರು ನೀಲಿ ಔಷಧಕ್ಕೆ ಹನಿ ಹಾಕಿ ದೀಪದ ಮೇಲೆ ಹಿಡಿದರು. ಗುಳ್ಳೆ ಬಂತು. ನಾನು ಬಾಗಿ ನೋಡಿದೆ. ಇಷ್ಟೆಲ್ಲ ಓಡಾಡಿ ಕೊನೆಗೆ ಆಯಿಗೂ ಸಕ್ಕರೆ ಇದ್ದರೆ ನಾನು ಅಥಣಿಯ ಬಸ್ಸು ಹಿಡಿದು ಚಪ್ಪಲಿ ಹೊಲಿಯುವುದನ್ನು ಕಲಿಯುವುದು ಎಂದು ಮನಸ್ಸಿನಲ್ಲೇ ತೀರ್ಮಾನಿಸಿದೆ. ನೀಲಿ ಕುದಿಯಿತು. ಕುದ್ದು ಕುದ್ದು ನೀಲಿಯಾಗಿಯೇ ಉಳಿಯಿತು.

"ಏನ ಬಣ್ಣ ಐತಿ?" ಎಂದು ಆಯಿ ಕೇಳಿದಳು.

"ಮುಗಲಿನ ಬಣ್ಣ ಐತಿ, ಆಯಿ" ಎಂದರು ಬಾಯಿಯವರು.

ಹಿರಿಯ ಡಾಕ್ಟರು ಕೈ ತೊಳೆದು, ಸೊಂಟದ ಪಟ್ಟಿ ಒಂದು ತೂತು ಸಡಿಲಿಸಿಕೊಂಡು ಯಾದಿಗೆ ಪೆನ್ನು ಹಚ್ಚುವಾಗ ನಾವು ಮೂವರೂ ಅವರ ಮುಂದೆ ನಿಂತಿದ್ದೆವು. ತಪ್ಪು ನಮ್ಮ ಕಡೆಯದು ಎಂದು ಬಾಯಿಯವರು ಹೇಳಿದರು. ನನ್ನದು ಎನ್ನದೆ ನಮ್ಮ ಕಡೆಯದು ಎಂದರು, ಅದನ್ನು ನಾನು ಮರೆತಿಲ್ಲ. ಡಾಕ್ಟರು ಆಯಿಯ ಹಣೆಗೆ ಹೊಸ ಪಟ್ಟಿ ಅಂಟಿಸಿದರು. ಹೊಟ್ಟೆ ಭಾರವಾಗಿತ್ತೋ ಏನೋ, ಊಟವಾದ ಮೇಲೆ ಅರ್ಧ ಗಂಟೆ ಅಡ್ಡಾಗಿ ಎದ್ದೇ ಕೆಲಸ ಶುರುಮಾಡಿದರು. ಆಯಿಯ ಪಾಳಿ ಕೊನೆಗೆ ಬಂತು.

ಕಾಕಾನನ್ನು ನಮ್ಮ ದೊಡ್ಡ ಡಾಕ್ಟರ ಮುಂದೆ ಕೂರಿಸಿದೆವು. ಈ ಸಲ ಅವರೇ ಚೀಟಿ ಬರೆದರು, ರಕ್ತವನ್ನೂ ನೋಡಿದರು. ಹೌದು, ಸಕ್ಕರೆ ಇತ್ತು, ಅವನ ಹೆಸರಿನಲ್ಲೇ ಇತ್ತು. ಆತ ಕಿಟಕಿಗೆ ಬಂದು ಹೊಟ್ಟೆಯನ್ನು ಮತ್ತೆ ಕಟ್ಟೆಯ ಮೇಲೆ ಇಟ್ಟ.

"ಅಕ್ಕನ ಕಣ್ಣಿನ ಪರದಿ ತಗಸಾಕ ಬಂದು ನನ್ನ ಬಾಯಿಗೆ ಪರದಿ ಹಾಕಿಸಿಕೊಂಡ್ನಲ್ಲೋ ತಮ್ಮಾ" ಎಂದ. ಆದರೂ ಹೋಗುವಾಗ, ಮುಂದಿನ ಹಂಗಾಮಿಗೆ ಗಾಣಕ್ಕೆ ಬಾ, ಬಿಸಿ ಬೆಲ್ಲದ ಹದ ನೋಡಲು ಈಗ ಒಬ್ಬರು ಬೇಕು ಎಂದು ಕರೆದು ಹೋದ.

ಮರುದಿನದಿಂದ ಬಾಯಿಯವರ ಕಾನೂನು ಜಾರಿಗೆ ಬಂತು. ಚೀಟಿ ನನ್ನ ಕೈಗೆ ಬರಬೇಕು, ರೋಗಿ ನನ್ನ ಎದುರಿಗೆ ಬರಬೇಕು, ಹೆಸರನ್ನೂ ತಪಾಸಣೆಯನ್ನೂ ನಾನು ಗಟ್ಟಿಯಾಗಿ ಓದಬೇಕು, ರೋಗಿ ಹೌದು ಎಂದ ಮೇಲೆಯೇ ಪೆನ್ನು ಎತ್ತಬೇಕು. ಗಟ್ಟಿಯಾಗಿ ಎಂದರೆ ಎಷ್ಟು ಗಟ್ಟಿ ಎಂದು ಅವರು ಹೇಳಲಿಲ್ಲ. ನಾನು ಮೊದಲ ದಿನ ನನ್ನ ಉತ್ಸಾಹಕ್ಕೆ ತಕ್ಕಂತೆ ಓದಿದೆ. ಊರಿನ ದೊಡ್ಡ ಮನುಷ್ಯರೊಬ್ಬರ ಮಲದ ತಪಾಸಣೆ ಪೇಟೆಯ ಆ ತುದಿಯವರೆಗೂ ಕೇಳಿಸಿತಂತೆ. ಅವರು ಮಾರನೆಯ ದಿನ ತಪಾಸಣೆಗೆ ಕೊಲ್ಹಾಪುರದ ಬಸ್ಸು ಹತ್ತಿದರು. ಆಮೇಲೆ ದನಿ ತಗ್ಗಿಸಿದೆ. ಸಾಲು ಮೊದಲಿನಷ್ಟು ಸರಸರ ಸರಿಯುವುದು ನಿಂತಿತು. ದೊಡ್ಡ ಡಾಕ್ಟರು ಬೆನ್ನು ತಟ್ಟುವುದೂ ನಿಂತಿತು. ಆದರೆ ಬಾಯಿಯವರು ಪರದೆಯಾಚೆಯಿಂದ ಮರಾಠಿ ಮಾತಾಡುವುದು ಬಹಳ ಕಡಿಮೆಯಾಯಿತು.

ಕೆಲವು ವಾರಗಳ ಮೇಲೆ ಕಣ್ಣು ತೋರಿಸಲು ಆಯಿ ಮತ್ತೆ ಬಂದಳು. ಮುಖಕ್ಕಿಂತ ದೊಡ್ಡದಾದ ದಪ್ಪ ಕನ್ನಡಕ, ಸೆರಗಿನ ಅಂಚಿಗೆ ಚುಚ್ಚಿಕೊಂಡ ಸೂಜಿ, ಸೂಜಿಯಿಂದ ಜೋತಾಡುವ ಕೆಂಪು ದಾರ. ಜೊತೆಗೆ ಬಂದಿದ್ದ ಕಾಕಾ ಮೊದಲಿಗಿಂತ ಸ್ವಲ್ಪ ಇಳಿದಿದ್ದ, ಗೋಡೆಗೆ ಒರಗಿ ಕೂತ. ಈ ಸಲ ಕಿಟಕಿಗೆ ಬಂದವಳು ಆಯಿಯೇ. ಚೀಟಿಯೂ ಅವಳ ಕೈಯಲ್ಲೇ ಇತ್ತು. ನಾನು ಚಪ್ಪಲಿ ಕರಕರ ಎನಿಸಿಕೊಂಡು ಎದ್ದು ನಿಂತೆ.

"ಕೌದಿ ಎಲ್ಲೀ ಮಟಾ ಬಂತ್ರಿ, ಆಯಿ?"

"ನಡುವಿನ ಪಟ್ಟಿ ಮುಗೀತು, ಅಂಚು ಉಳದೈತಿ. ಕೌದಿ ಇರಲಿ, ನೀ ಇಲ್ಲಿ ಬಾ. ಬೆಳಕಿಗಿ ನಿಂದ್ರು."

ಬೆಳಕಿಗೆ ನಿಂತೆ. ಆಯಿ ಕನ್ನಡಕ ಸರಿಪಡಿಸಿಕೊಂಡು ನನ್ನನ್ನು ಹಣೆಯಿಂದ ಗದ್ದದವರೆಗೆ, ಗದ್ದದಿಂದ ಚಪ್ಪಲಿಯವರೆಗೆ ನಿಧಾನವಾಗಿ ನೋಡಿದಳು. ಬಾಯಿಯವರು ಪರದೆ ಸರಿಸಿ ಇಣುಕಿದರು.

"ಕೆರದ ದನಿ ಕೇಳಿ, ಯಾರೋ ದೊಡ್ಡ ಆಳ ಇರಬೇಕು ಅನ್ಕೊಂಡಿದ್ದೆ" ಎಂದಳು ಆಯಿ. "ಗಲ್ಲ ಒಳಗ ಹೋಗ್ಯಾವ. ಮಾರಿ ಬಿಳಚೇತಿ. ಹೊಟ್ಟ್ಯಾಗ ಜಂತ ಅದಾವ ನಿನಗ, ಮಾರಿ ನೋಡೇ ಹೇಳ್ತೀನಿ. ಹೂಂ, ಬರ್ಕೋ. ಮತ್ತ ಡಬ್ಬಿ ನೀನ ತುಂಬ್ಸು, ನಿನ್ನ ತಮ್ಮನ ಕೈಯಾಗ ಕೊಡಬ್ಯಾಡ."